ವಂದನಾರ್ಪಣೆ ಆದ ಮೇಲೆ

ನನ್ನವರು ಯಾರಾದರೂ ನನಗೆ ಥ್ಯಾಂಕ್ಸ್ ಅಂದರೆ ನನಗೆ ಸಿಟ್ಟು ಬರುತ್ತದೆ. ಹೊರಗಿನವರು ಅಂದರೆ ಬರುವುದಿಲ್ಲ. ಹ್ಯೂಸ್ಟನ್ನಿನಲ್ಲಿ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಟ್ಟು ಬದುಕುವ ಮನುಷ್ಯ ನಾನು. ಥ್ಯಾಂಕ್ಸ್ ಎಂಬುದು ನನಗೆ ಬಾಗಿಲಲ್ಲಿ ಹಾಸಿದ ಕಾಲೊರಸು ಇದ್ದ ಹಾಗೆ. ಬಂದವರೆಲ್ಲ ಒರೆಸಿಕೊಂಡು ಹೋಗುತ್ತಾರೆ, ಅದು ಅಲ್ಲೇ ಬಿದ್ದಿರುತ್ತದೆ. ಆದರೆ ಕಾಲೊರಸನ್ನು ಯಾರಾದರೂ ಒಳಗೆ ತಂದು ಊಟದ ಟೇಬಲ್ ಮೇಲೆ ಹಾಸಿದರೆ ಹೇಗೆ?

ಈ ದೇಶದಲ್ಲಿ ಥ್ಯಾಂಕ್ಸಿಗೆ ಬರಗಾಲವೆಂಬುದೇ ಇಲ್ಲ. ಅಂಗಡಿಯ ಬಾಗಿಲು ಹಿಡಿದವನಿಗೆ ಥ್ಯಾಂಕ್ಸ್ ಅಂದರೆ ಅವನು ನೋ ಪ್ರಾಬ್ಲಮ್ ಅನ್ನುತ್ತಾನೆ. ಪ್ರಾಬ್ಲಮ್ ಇದೆಯೆಂದು ನಾನೆಲ್ಲಿ ಹೇಳಿದ್ದೆ? ಇನ್ನೊಬ್ಬ ಯು ಬೆಟ್ ಅನ್ನುತ್ತಾನೆ. ಇಷ್ಟು ವರ್ಷವಾದರೂ ನಾವಿಬ್ಬರೂ ಯಾವುದರ ಮೇಲೆ ಬಾಜಿ ಕಟ್ಟಿದ್ದೇವೆಂದು ನನಗೆ ತಿಳಿದಿಲ್ಲ. ಫೋನಿನಲ್ಲಿ ಅರ್ಧ ತಾಸು ಕಾಯಿಸುವ ಕಂಪನಿಯ ಹೆಂಗಸಿನ ದನಿ, ನಡುನಡುವೆ ಸಂಗೀತ ನಿಲ್ಲಿಸಿ, ನಿಮ್ಮ ತಾಳ್ಮೆಗೆ ಥ್ಯಾಂಕ್ಸ್ ಅನ್ನುತ್ತದೆ. ನನ್ನಲ್ಲಿ ಇಲ್ಲವೇ ಇಲ್ಲದ ವಸ್ತುವಿಗೆ ಥ್ಯಾಂಕ್ಸ್ ಹೇಳುವ ಔದಾರ್ಯ ಅದೊಂದಕ್ಕೇ ಉಂಟು.

ನಮ್ಮ ಗದಗಿನ ಕಡೆ ಹೀಗಿರಲಿಲ್ಲ. ಮಗಳು ಸಣ್ಣವಳಿದ್ದಾಗ ಇಲ್ಲಿಯ ಶಾಲೆಯಲ್ಲಿ ಕಲಿತದ್ದನ್ನು ಫೋನಿನಲ್ಲಿ ನಮ್ಮವ್ವನಿಗೆ ಒಪ್ಪಿಸಿದಳು. ಅವ್ವ ಅವಳ ತಲೆಗೊಂದು ಕುಲಾಯಿ ಹೊಲಿದು ಕಳಿಸಿದ್ದಳು, ಅದಕ್ಕೆ ಥ್ಯಾಂಕ್ಯೂ ಅಜ್ಜಿ ಅಂದಳು. ಆಮೇಲೆ ಅವ್ವ ನನ್ನನ್ನು ಕರೆದು, "ಕೂಸು ಯಾಕ ಹೊರಗಿನವರಂಗ ಮಾತಾಡ್ತೈತಿ? ಏನರ ಅಂದೀರೇನು ಅದಕ್ಕ?" ಎಂದು ಕೇಳಿದಳು. ಕುಲಾಯಿ ಇಷ್ಟವಾಯಿತು ಅಂತ ಅದರ ಅರ್ಥ ಎಂದೆ. "ಇಷ್ಟ ಆದ್ರ ಹಾಕ್ಕೊಳ್ಲಿ" ಅಂದಳು ಅವ್ವ. ಇದಕ್ಕಿಂತ ದೊಡ್ಡ ಮಾತನ್ನು ಈ ವಿಷಯದಲ್ಲಿ ನಾನು ಇದುವರೆಗೆ ಕೇಳಿಲ್ಲ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ನಾಚಿಕೆಯಿಂದ ಹೇಳುತ್ತಿಲ್ಲ. ಹುಬ್ಬಳ್ಳಿಯ ಖಾನಾವಳಿಯ ಒಲೆಯ ಮುಂದೆ ಕಲಿತದ್ದು ನನ್ನನ್ನು ಮಸ್ಕತ್ತಿಗೂ ಅಲ್ಲಿಂದ ಟೆಕ್ಸಸ್ಸಿಗೂ ತಂದು, ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನಲ್ಲಿ ಒಂದು ಮನೆಯನ್ನೂ ಕಟ್ಟಿಸಿತು. ಓದು ಕಡಿಮೆಯಾದ್ದರಿಂದ ಶಾಸ್ತ್ರವೆಲ್ಲ ಪಂಕ್ತಿಯಲ್ಲಿ ಬಡಿಸುತ್ತ ಕಲಿತದ್ದೇ. ಮಠದ ದಾಸೋಹದಲ್ಲಿ ನೋಡಿ, ಉಂಡವರು ಯಾರೂ ಬಡಿಸಿದವನಿಗೆ ಧನ್ಯವಾದ ಹೇಳುವುದಿಲ್ಲ. ಬಡಿಸುವವನೇ ಕೈ ಮುಗಿದು "ಸಾವಕಾಶ ಆಗ್ಲಿ" ಅನ್ನುತ್ತಾನೆ. ಉಂಡವರು ಬಹಳವೆಂದರೆ ಏಳುವಾಗ "ನಿನ್ನ ಹೊಟ್ಟಿ ತಣ್ಣಗಿರಲಿ" ಅಂದಾರು. ಅದು ಹರಕೆ. ಹರಕೆ ಮುಂದಕ್ಕೆ ಹೋಗುತ್ತದೆ. ಥ್ಯಾಂಕ್ಸ್ ಲೆಕ್ಕವನ್ನು ಅಲ್ಲಿಗೇ ಮುಗಿಸುತ್ತದೆ.

ಹಾಗಾದರೆ ಕನ್ನಡದಲ್ಲಿ ಧನ್ಯವಾದ ಎಂಬ ಶಬ್ದ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಅದು ಎಲ್ಲಿರುತ್ತದೆ ಬಲ್ಲಿರಾ? ವಂದನಾರ್ಪಣೆಯಲ್ಲಿ. ನಮ್ಮ ಕನ್ನಡ ಕೂಟದ ಸಮಾರಂಭಗಳಿಗೆ ನಾನು ಅಡುಗೆಯ ಕಡೆಯಿಂದ ಹೋಗುವವನು, ಭಾಷಣ ಕೇಳಿಸದಿದ್ದರೂ ವಂದನಾರ್ಪಣೆ ಮಾತ್ರ ಕಿವಿಯಲ್ಲಿರಬೇಕು. ಅದು ಶುರುವಾಯಿತೆಂದರೆ ಅನ್ನದ ಮುಚ್ಚಳ ತೆಗೆಯಬೇಕೆಂದು ಲೆಕ್ಕ. ಮಾತಾಡಿದವರಿಗೆ, ಹಾಡಿದವರಿಗೆ, ಮೈಕಿನವರಿಗೆ ಧನ್ಯವಾದಗಳು ಎನ್ನುವಷ್ಟರಲ್ಲಿ ಹಿಂದೆ ಯಾರೋ ಕುರ್ಚಿ ಮಡಚುವ ಸಪ್ಪಳ ಕೇಳುತ್ತದೆ. ವಂದನಾರ್ಪಣೆ ಆಯಿತೆಂದರೆ ಕಾರ್ಯಕ್ರಮ ಮುಗಿಯಿತು, ಇನ್ನು ನೀವು ಯಾರೋ ನಾವು ಯಾರೋ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ ನನಗೂ ಒಮ್ಮೆ ವಂದನಾರ್ಪಣೆ ಆಯಿತು. ಮಾಡಿದವನು ಮುಕುಂದ.

ಮುಕುಂದ ಮೈಸೂರಿನವನು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿ ಮನೆ, ಚಿಪ್ ಕಂಪನಿಯಲ್ಲಿ ಕೆಲಸ. ಅವನು ಈ ದೇಶಕ್ಕೆ ಹೊಸದಾಗಿ ಬಂದಾಗ ನಮ್ಮ ಜೋಳದ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದನ್ನು ತಿನ್ನೋದಾ, ಹೊದ್ದುಕೊಳ್ಳೋದಾ ಎಂದು ಕೇಳಿದ್ದ. ಆಮೇಲೆ ಅದೇ ರೊಟ್ಟಿಗಾಗಿ ಆಸ್ಟಿನ್ನಿನಿಂದ ಶನಿವಾರ ಶನಿವಾರ ಡ್ರೈವ್ ಮಾಡಿಕೊಂಡು ಬರತೊಡಗಿದ. ಬಂದವನು ಯಾರನ್ನೂ ಮಾತಾಡಿಸದೆ ನೇರ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ಎತ್ತುತ್ತಿದ್ದ. ನೆಂಟಸ್ತಿಕೆ ಏನಿಲ್ಲದಿದ್ದರೂ ನನ್ನ ಹೆಂಡತಿ ಕಮಲ ಅವನಿಗೆ ಅತ್ತಿಗೆ, ಅವಳಿಗೆ ಅವನು ಮೈದ್ನಾರು. ಉಂಡ ತಾಟನ್ನು ಅಲ್ಲೇ ಬಿಟ್ಟು ಏಳುವ ಅಧಿಕಾರ ನಮ್ಮ ಮನೆಯಲ್ಲಿ ನನ್ನ ಬಿಟ್ಟರೆ ಅವನೊಬ್ಬನಿಗೇ ಇತ್ತು. ಬೈಗುಳವೂ ಇಬ್ಬರಿಗೂ ಸಮನಾಗಿ ಬೀಳುತ್ತಿತ್ತು.

ಅವನು ಬೇಗನೆ ನಿವೃತ್ತಿ ತೆಗೆದುಕೊಂಡು ಮೆಕ್ಸಿಕೋದ ಕಡಲ ದಂಡೆಯ ಒಂದು ಸಣ್ಣ ಊರಿನಲ್ಲಿ ಮನೆ ಹಿಡಿದ. ಅಲ್ಲಿ ಅವನ ಹಾಗೆ ಕೆಲಸ ಬಿಟ್ಟು ಬಂದ ಅಮೆರಿಕದವರೇ ಓಣಿ ತುಂಬ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬನ್ನಿ ಎಂದು ನಮ್ಮಿಬ್ಬರನ್ನೂ ಕರೆದ. ಕಮಲ ಬಟ್ಟೆಗಿಂತ ಮೊದಲು ಜೋಳದ ಹಿಟ್ಟನ್ನು ಸೂಟ್‌ಕೇಸಿಗೆ ತುಂಬಿದಳು.

ಅವತ್ತು ಬೆಳಿಗ್ಗೆ ಅವನ ಜಗಲಿಯಲ್ಲಿ ನೆರೆಹೊರೆಯವರೆಲ್ಲ ಸೇರಿದ್ದರು. ಹ್ಯೂಸ್ಟನ್ ಬಳಿಯ ದ ವುಡ್‌ಲ್ಯಾಂಡ್ಸಿನಲ್ಲಿ ಎಣ್ಣೆ ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದು ಬಂದ ಒಬ್ಬ ಮುದುಕ ಎಲ್ಲರಿಗಿಂತ ಹೆಚ್ಚು ನೊಂದಿದ್ದ. ಈ ಊರಿನಲ್ಲಿ ಹಬ್ಬದ ದಿನವೂ ಕಸದ ಗಾಡಿ ಬಂತಲ್ಲ, ಗ್ಯಾಸ್ ಮಾರುವವನು ಕೂಗಿದನಲ್ಲ, ಬ್ಯಾಂಕು ತೆರೆದಿದೆಯಲ್ಲ ಎಂದು. ಇವರ ಹಬ್ಬದ ಗುರುವಾರ ಆ ಊರಿನವರಿಗೆ ಬರೀ ಗುರುವಾರ. ಇನ್ನೊಬ್ಬಳು ಕ್ರ್ಯಾನ್‌ಬೆರಿ ಸಿಗದ ದೇಶವನ್ನು ಹೇಗೆ ದೇಶವೆನ್ನುವುದು ಎಂದಳು. ಅಮೆರಿಕ ಸಾಕೆಂದು ಬಿಟ್ಟು ಬಂದವರು ಇವರು, ಈಗ ಅದರ ಹುಳಿಹಣ್ಣಿಗೆ ಕಣ್ಣೀರು. ನನಗೆ ನಗು ಬಂತು. ಆದರೆ ಉಗಾದಿಯ ಬೇವಿನ ಹೂವಿಗಾಗಿ ಟೆಕ್ಸಸ್ ತುಂಬ ಫೋನು ಮಾಡುವವರ ಗುಂಪಿನಲ್ಲಿ ನಾನೂ ಇದ್ದೇನೆಂದು ನೆನಪಾಗಿ ಸುಮ್ಮನಾದೆ.

ಅಷ್ಟರಲ್ಲಿ ದೊಡ್ಡ ಅನಾಹುತ. ಎಲ್ಲಿಂದಲೋ ತರಿಸಿದ ಟರ್ಕಿ ಕೋಳಿ ಮುಕುಂದನ ಮನೆಯ ಓವನ್ನಿನೊಳಗೆ ಹಿಡಿಸಲಿಲ್ಲ. ಕಾಲು ಮಡಚಿದರು, ಓರೆ ಮಾಡಿದರು. ಎಂಜಿನಿಯರುಗಳು ಮೂವರಿದ್ದರು, ಅಳತೆಯನ್ನೂ ತೆಗೆದರು. ಕೊನೆಗೆ ಮುದುಕ ಅದನ್ನು ತುಂಡು ಮಾಡಿ ಹೊರಗೆ ಕೆಂಡದ ಮೇಲಿಟ್ಟ. ಅದು ಎಲ್ಲರಿಗೂ ಸಾಲುವುದಿಲ್ಲ ಎಂದು ತಿಳಿದು ಮುಕುಂದ ಒಳಗೆ ಬಂದ.

"ಬಸಣ್ಣ, ನೀನಿದ್ದೀಯಲ್ಲ, ಏನಾದ್ರೂ ಮಾಡಪ್ಪ. ಅತ್ತಿಗೆ, ರೊಟ್ಟಿ ತಟ್ಟಿಬಿಡಿ. ಖಾರ ಮಾತ್ರ ಹಾಕ್ಬೇಡಿ, ಇವರಿಗೆಲ್ಲ ಆಗಲ್ಲ."

ಇಲ್ಲೊಂದು ಮಾತು ಸ್ಪಷ್ಟವಾಗಲಿ. ಕೆಲಸಕ್ಕೆ ನನಗೆ ಸಿಟ್ಟಿಲ್ಲ. ತಮ್ಮನ ಮನೆಯಲ್ಲಿ ಹಬ್ಬ, ಅಡುಗೆ ಕೆಟ್ಟಿತು, ಅಣ್ಣ ಅತ್ತಿಗೆ ಒಲೆ ಹಚ್ಚಿದರು. ಅದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಬದನೆಕಾಯಿ ಎಣ್ಣೆಗಾಯಿ ಮಾಡಿದೆ, ಕಡಲೆಹಿಟ್ಟಿನ ಝುಣಕ ಮಾಡಿದೆ. ಖಾರ ಬೇಡವೆಂದಿದ್ದಕ್ಕೆ ಮೆಣಸಿನ ಪುಡಿಯ ಡಬ್ಬಿಯ ಕಡೆ ನೋಡಲೂ ಇಲ್ಲ, ಬದನೆಕಾಯಿಯ ಕಡೆ ನೋಡಲು ಮಾತ್ರ ನಾಚಿಕೆಯಾಗುತ್ತಿತ್ತು. ಕಮಲ ನಿಂತೇ ಅಷ್ಟೂ ರೊಟ್ಟಿ ತಟ್ಟಿದಳು.

ಊಟಕ್ಕೆ ಕೂತಾಗ ಅವರ ಪದ್ಧತಿಯಂತೆ ಒಬ್ಬೊಬ್ಬರೇ ತಾವು ಯಾವುದಕ್ಕೆ ಕೃತಜ್ಞರು ಎಂದು ಹೇಳಬೇಕಾಯಿತು. ಒಬ್ಬ ಆರೋಗ್ಯಕ್ಕೆ ಅಂದ, ಒಬ್ಬಳು ಕಡಲಿಗೆ ಅಂದಳು, ಮುದುಕ ತನ್ನ ನಾಯಿಗೆ ಅಂದ. ಮುಕುಂದ ಗ್ಲಾಸು ಹಿಡಿದು ಎದ್ದು ನಿಂತ. ಹ್ಯೂಸ್ಟನ್ನಿನಿಂದ ಬಂದ ನಮ್ಮ ಕೇಟರರ್ ಬ್ಯಾಸ್ ಮತ್ತು ಅವರ ಮಿಸೆಸ್‌ಗೆ ದೊಡ್ಡ ಥ್ಯಾಂಕ್ಸ್ ಎಂದು, ಬಸಣ್ಣನನ್ನು ಬ್ಯಾಸ್ ಮಾಡಿ, ಇಂಗ್ಲಿಷಿನಲ್ಲಿ ಹೇಳಿದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಮೇಜಿಂಗ್, ಡಿಲಿಶಸ್ ಅಂದರು. ಖಾರವಿಲ್ಲದ ಎಣ್ಣೆಗಾಯಿಗೆ. ಮುದುಕನಂತೂ ಎದ್ದು ಬಂದು ನನ್ನ ಕೈ ಕುಲುಕಿ, ಮದುವೆಗಳಿಗೂ ಮಾಡುತ್ತೀರಾ, ಕಾರ್ಡು ಇದೆಯಾ ಎಂದು ಕೇಳಿದ. ಅವನ ತಪ್ಪಿಲ್ಲ. ಅವನಿಗೆ ಹೇಳಿದ್ದೇ ಹಾಗೆ. ಬೆಳಿಗ್ಗೆ ಮನೆಗೆ ನೆಂಟನಾಗಿ ಬಂದವನು ಮಧ್ಯಾಹ್ನಕ್ಕೆ ಕಾರ್ಡು ಇಟ್ಟುಕೊಂಡ ಮನುಷ್ಯನಾಗಿದ್ದೆ.

ಕಮಲ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

"ಏನಂದ್ರು ಮೈದ್ನಾರು?"

"ಥ್ಯಾಂಕ್ಸ್ ಅಂದ."

"ನಮಗ? ಯಾಕ? ನಾವೇನ್ ಹೊರಗಿನವ್ರೇನ್ರಿ?"

ಅವಳು ಕೈ ತೊಳೆದುಕೊಂಡು ಉಳಿದ ಹಿಟ್ಟನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಿದಳು. ಕುರ್ಚಿ ಮಡಚಿದ ಸಪ್ಪಳವೇ ಕೇಳಿದ ಹಾಗಾಯಿತು. ಮರುದಿನವೇ ಹ್ಯೂಸ್ಟನ್ನಿಗೆ ಬಂದೆವು. ಮುಕುಂದ ಫೋನು ಮಾಡಿದ, ನಾನು ಎತ್ತಲಿಲ್ಲ. ಮತ್ತೆ ಮಾಡಿದ, ಫೋನನ್ನು ಅಕ್ಕಿಯ ಚೀಲದ ಮೇಲೆ ಬೋರಲು ಹಾಕಿದೆ. ಅವನನ್ನು ಕಳೆದುಕೊಂಡರೆ ಈ ಕಡೆ ನನ್ನನ್ನು ಬಸಣ್ಣ ಅನ್ನುವವರು ಯಾರೂ ಉಳಿಯುವುದಿಲ್ಲವೆಂದು ಗೊತ್ತಿತ್ತು. ಉಳಿದವರಿಗೆಲ್ಲ ನಾನು ಅಂಕಲ್, ಇಲ್ಲವೇ ಕೇಟರಿಂಗ್ ಅಂಕಲ್. ಗೊತ್ತಿದ್ದೂ ಎತ್ತಲಿಲ್ಲ.

ಬದಲಿಗೆ ಸೇಡಿನ ಒಂದು ಉಪಾಯ ಮಾಡಿದೆ. ಅವನು ಎಂದಾದರೂ ಮನೆಗೆ ಬರುತ್ತಾನೆ. ಬೈಯುವುದಿಲ್ಲ, ಜಗಳವಾಡುವುದಿಲ್ಲ. ಹೊರಡುವಾಗ ಬಾಗಿಲು ಹಿಡಿದು ನಿಂತು, ಇಂಗ್ಲಿಷಿನಲ್ಲಿ, ಬಂದದ್ದಕ್ಕೆ ಥ್ಯಾಂಕ್ಯೂ ಸೋ ಮಚ್, ವಿ ಅಪ್ರಿಶಿಯೇಟ್ ಇಟ್ ಎನ್ನುವುದು. ಅಲ್ಲಿಗೆ ನನ್ನ ಕಡೆಯ ವಂದನಾರ್ಪಣೆಯೂ ಆಯಿತು. ಡ್ಯಾಲಸ್ಸಿನ ಒಂದು ಸೀಮಂತಕ್ಕೆ ಅಡುಗೆ ಒಯ್ಯುವಾಗ ದಾರಿಯುದ್ದಕ್ಕೂ ವ್ಯಾನಿನಲ್ಲಿ ಇದನ್ನೇ ಅಭ್ಯಾಸ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಕಮಲ ಕೇಳಿ ಕೇಳಿ ಹೇಳಿದಳು:

"ಮಾರಿ ಹಂಗ ಗಂಟು ಹಾಕಬ್ಯಾಡ್ರಿ. ಇಲ್ಲಿ ಮಂದಿ ಹಲ್ಲು ತೋರಿಸಿ ಅಂತಾರ."

ಹಲ್ಲು ತೋರಿಸಿಯೂ ಅಭ್ಯಾಸ ಮಾಡಿದೆ. ಪಕ್ಕದ ಲೇನಿನ ಲಾರಿಯವನು ತನಗೇ ಎಂದು ತಿಳಿದು ಕೈ ಬೀಸಿದ.

ಚಳಿ ಕಳೆಯುವ ಹೊತ್ತಿಗೆ, ಒಂದು ಶನಿವಾರ ಮಧ್ಯಾಹ್ನ, ಬಾಗಿಲು ತೆಗೆದರೆ ಮುಕುಂದ. ಸೀಡರ್ ಪಾರ್ಕಿನ ಮನೆ ನೋಡಿಕೊಂಡು ಹೋಗಲು ಬಂದವನು ಇತ್ತ ಬಂದಿದ್ದ. ನನ್ನ ಮುಖ ನೋಡಲಿಲ್ಲ. "ಅತ್ತಿಗೆ, ಏನಿದೆ?" ಎನ್ನುತ್ತ ನೇರ ಅಡುಗೆಮನೆಗೆ ಹೋಗಿ ಮುಚ್ಚಳ ಎತ್ತಿದ. ಅವ ಬಂದ್ರ ನೀರೂ ಕೊಡೂದಿಲ್ಲ ಎಂದು ಮೂರು ತಿಂಗಳಿಂದ ಹೇಳುತ್ತಿದ್ದ ಕಮಲ ಹಿಟ್ಟಿನ ಡಬ್ಬಿ ತೆಗೆದು ರೊಟ್ಟಿ ತಟ್ಟಲು ಕೂತಳು. ಹೆಂಗಸರ ಪ್ರತಿಜ್ಞೆಯನ್ನು ನಂಬಿ ಯುದ್ಧಕ್ಕೆ ಹೊರಡಬಾರದು. ನಾನು ಮಾತ್ರ ಸೋಫಾದಲ್ಲಿ ನನ್ನ ಇಂಗ್ಲಿಷನ್ನು ಬಾಯಲ್ಲಿ ಹಿಡಿದುಕೊಂಡು ಕೂತೆ.

ಅವನು ಹೊಟ್ಟೆ ತುಂಬ ಉಂಡ. ಕಡಲ ದಂಡೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಎದ್ದ. ನಾನೂ ಎದ್ದು ಬಾಗಿಲು ಹಿಡಿದು, ಹಲ್ಲು ತೋರಿಸಿ, ಉಸಿರು ಎಳೆದುಕೊಂಡೆ. ಅವನು ಬೂಟಿನ ಲಾಡಿ ಕಟ್ಟಲು ಬಗ್ಗಿದವನು ಬಗ್ಗಿದ್ದಲ್ಲಿಂದಲೇ ಅಂದ:

"ಅಲ್ಲ ಬಸಣ್ಣ, ಅವತ್ತು ನಮ್ಮನೇಲಿ ಎಣ್ಣೆಗಾಯಿ ಮಾಡಿದ್ಯಲ್ಲ, ಚೆನ್ನಾಗಿರ್ಲಿಲ್ಲ. ಖಾರಾನೇ ಇಲ್ಲ. ಜಾಮ್ ತಿಂದ ಹಾಗಿತ್ತು."

ನನ್ನ ಇಂಗ್ಲಿಷ್ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಖಾರ ಬ್ಯಾಡ ಅಂದಾವ ಯಾರಲೇ?"

"ಅವರಿಗೆ ಬೇಡ ಅಂದೆ. ನನಗೂ ಬೇಡ ಅಂದ್ನಾ?"

"ಒಂದ ಪಾತ್ರ್ಯಾಗ ಎರಡು ಪಲ್ಯ ಹ್ಯಾಂಗ ಮಾಡ್ಲಿ? ನಿನ್ನ ಕೇಟರರ್ ಇದ್ನಲ್ಲ, ಅವನ್ನ ಕೇಳು."

ಮುಕುಂದ ಒಂದೇ ಕಾಲಿಗೆ ಬೂಟು ಹಾಕಿಕೊಂಡು ನೆಲದ ಮೇಲೆ ಕೂತ. "ಅದಾ ವಿಷಯ?" ಅಂದ. ಇನ್ನೊಂದು ಬೂಟನ್ನು ಕೈಯಲ್ಲಿ ತಿರುಗಿಸುತ್ತ, "ಇಂಗ್ಲಿಷಲ್ಲಿ ನಿನ್ನ ಏನಂತ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಬ್ರದರ್ ಅಂದ್ರೆ ಅವರು ನಂಬಲ್ಲ. ಫ್ರೆಂಡ್ ಅಂದ್ರೆ ಕಡಿಮೆ ಆಗತ್ತೆ" ಅಂದ.

ಮಾತು ಚೆನ್ನಾಗಿದೆ. ಆದರೆ ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕಡಿಮೆಯಾದರೂ ಫ್ರೆಂಡ್ ಅನ್ನಬಹುದಿತ್ತು. ಇದನ್ನೇ ದನಿ ಏರಿಸಿ ಹೇಳಿದೆ. ಅವನೂ ಏರಿಸಿದ. ಒಳಗಿನಿಂದ ಕಮಲ ಕೂಗಿದಳು:

"ಬೂಟು ಕಳೀರಿ ಮೈದ್ನಾರ. ನಿಮ್ಮ ಮಿಸೆಸ್ ಬ್ಯಾಸ್ ಚಹಾ ಇಟ್ಟಾಳ. ಜಗಳ ಕುಂತು ಮಾಡ್ರಿ."

ಕೂತು ಮಾಡಿದೆವು. ಚಹಾ ಆರಿತು, ಮತ್ತೆ ಕಾಯಿಸಿದಳು. ಹೊತ್ತು ಮುಳುಗುವಾಗ ಅವನು ತಾಟನ್ನು ಟೇಬಲ್ ಮೇಲೆ ಹಾಗೇ ಬಿಟ್ಟು, ಯಾರಿಗೂ ಏನೂ ಹೇಳದೆ, ಮುಖ ಊದಿಸಿಕೊಂಡು ಕಾರು ಹತ್ತಿದ. ನಾನೂ ಏನೂ ಹೇಳಲಿಲ್ಲ. ಡ್ಯಾಲಸ್ ತನಕ ಅಭ್ಯಾಸ ಮಾಡಿದ ಥ್ಯಾಂಕ್ಸ್ ಇನ್ನೂ ನನ್ನ ಬಳಿಯೇ ಇದೆ, ಸವೆಯದೆ.

ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ಮತ್ತೆ ನವೆಂಬರ್ ಬರುತ್ತದೆ, ಅವನು ಮತ್ತೆ ಕರೆದಿದ್ದಾನೆ, ಹೋಗುವುದಿಲ್ಲವೆಂದು ನಾನು ಖಂಡಿತವಾಗಿ ಹೇಳಿದ್ದೇನೆ. ಕಮಲ ಬ್ಯಾಡಗಿ ಮೆಣಸಿನಕಾಯಿಯನ್ನು ಈಗಲೇ ಬಿಸಿಲಿಗೆ ಹಾಕಿದ್ದಾಳೆ. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ಈ ಸಲ ಯಾರನ್ನೂ ಕೇಳುವುದಿಲ್ಲವಂತೆ.