ಖಾಲಿ ಸಾಲಿನ ಪಕ್ಕದ ಹೆಬ್ಬೆಟ್ಟು

ಅವ್ವನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಕಂಡವರ ಹೊಲದಲ್ಲಿ ಕಳೆ ಕಿತ್ತು, ಈರುಳ್ಳಿ ಕಿತ್ತು, ಚೆಂಡು ಹೂ ಬಿಡಿಸಿ ಸವೆದಿದ್ದ ಆ ಬೆರಳು ಹೊಳೆಯ ಕಲ್ಲಿನಂತೆ ನುಣ್ಣಗಿತ್ತು. ಉಗುರಿನ ಸಂದಿಯಲ್ಲಿ ಮಾತ್ರ ಹೂವಿನ ಕರೆ ವರ್ಷವಿಡೀ ಕಪ್ಪಗೆ ಕೂತಿರುತ್ತಿತ್ತು. ನ್ಯಾಯಬೆಲೆ ಅಂಗಡಿಯ ಯಂತ್ರ ಅದನ್ನು ಗುರುತಿಸುತ್ತಲೇ ಇರಲಿಲ್ಲ. ಒತ್ತಿಸಿ, ಒರೆಸಿ, ಮತ್ತೆ ಒತ್ತಿಸಿ, ಕೊನೆಗೆ ಮೊಮ್ಮಗಳನ್ನು ಕರೆದುಕೊಂಡು ಬಾ ಎನ್ನುತ್ತಿದ್ದರು. ಅಲ್ಲಿಂದ ಸೀದಾ ಪಂಚಾಯಿತಿಗೆ ಬಂದು ಅವ್ವ ನಗುತ್ತಿದ್ದಳು: “ಆ ಮಿಷನ್ನು ನನ್ನ ಯಾರು ಅಂತದೆ ಕಣ್ ಮಗ. ನಿನ್ ಪುಸ್ತಕ ಒಂದೇಯ ನನ್ನ ಒಪ್ಕಳದು.”

ನನ್ನ ಪುಸ್ತಕ ಎಂದರೆ ಸಭೆಯ ನಡಾವಳಿ ಪುಸ್ತಕ. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗಿರುವ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಗುತ್ತಿಗೆಯ ಗುಮಾಸ್ತ. ಸಭೆಯಲ್ಲಿ ಆದದ್ದನ್ನು ಬರೆದಿಡುವುದು ನನ್ನ ಕೆಲಸ. ಅವ್ವ ಮೀಸಲು ಸ್ಥಾನದಿಂದ ಗೆದ್ದು ಬಂದ ಸದಸ್ಯೆ. ನನಗೆ ರಕ್ತಸಂಬಂಧವೇನಲ್ಲ. ಊರೆಲ್ಲ ಅವ್ವ ಎನ್ನುತ್ತಿತ್ತು, ನಾನೂ ಅಂದೆ. ಅವ್ವ ಎಂದ ಮೇಲೆ ಬಹುವಚನ ನಾಲಿಗೆಗೆ ಬರುವುದಿಲ್ಲ, ಹಾಗಾಗಿ ಇಲ್ಲೂ ಏಕವಚನದಲ್ಲೇ ಬರೆಯುತ್ತಿದ್ದೇನೆ.

ನಮ್ಮಲ್ಲೊಂದು ಪದ್ಧತಿಯಿತ್ತು. ಸಭೆಗೆ ಬಂದವರು ಮೊದಲು ಪುಸ್ತಕಕ್ಕೆ ಸಹಿ ಹಾಕಿ, ಕಾಫಿ ಕುಡಿದು, ಒಂದಿಷ್ಟು ಮಾತಾಡಿ ಎದ್ದು ಹೋಗುವುದು. ತೀರ್ಮಾನಗಳನ್ನು ಗುಮಾಸ್ತ ಆಮೇಲೆ ನಿಧಾನವಾಗಿ ಬರೆದುಕೊಳ್ಳುವುದು. ಯಾರು ಎಷ್ಟೇ ಕೂಗಾಡಿದ್ದರೂ ಪುಸ್ತಕದಲ್ಲಿ ಮಾತ್ರ “ಸರ್ವಾನುಮತದಿಂದ ಒಪ್ಪಲಾಯಿತು” ಎಂದೇ ಇರುತ್ತಿತ್ತು. ಅವ್ವ ಮೊದಲ ಸಭೆಯಲ್ಲೇ ಕೈ ಹಿಂದಕ್ಕೆಳೆದುಕೊಂಡಳು. “ಮೊದ್ಲು ಬರಿ. ಆಮ್ಯಾಕೆ ಓದು. ಓದಕ್ ಬರಲ್ಲ ಅಷ್ಟೇಯ, ಕಿವಿ ಕೇಳ್ತದೆ ನಂಗೆ.” ನಾನು ಬರೆದು ಓದಿದೆ. “ಇನ್ನೊಂದ್ ಕಿತ” ಎಂದಳು. ಎರಡನೇ ಸಲ ಓದಿದ ಮೇಲೆ “ಊಂ, ಈಗ ಕೊಡು” ಎಂದು ಹೆಬ್ಬೆರಳು ಚಾಚಿದಳು. ಉಳಿದ ಹನ್ನೆರಡು ಜನ ಸದಸ್ಯರಿಗೆ ಮನೆಗೆ ಹೋಗುವ ಆತುರ. ನನ್ನನ್ನೂ ಅವಳನ್ನೂ ಸೇರಿಸಿ ಬೈದುಕೊಂಡರು. ಅಂದಿನಿಂದ ಅದೇ ಕ್ರಮವಾಯಿತು.

ಮೂರನೆಯದೋ ನಾಲ್ಕನೆಯದೋ ಸಭೆಯಲ್ಲಿ ಅವಳ ಕೇರಿಯನ್ನು ಬಿಟ್ಟು ಕುಡಿಯುವ ನೀರಿನ ಪೈಪು ಎಳೆಯುವ ತೀರ್ಮಾನ ಬಂತು. ಹನ್ನೆರಡು ಕೈ ಮೇಲೆದ್ದವು. ಅವ್ವನ ಕೈ ಮಡಿಲಲ್ಲೇ ಇತ್ತು. “ನಾ ಬ್ಯಾಡ ಅಂದೆ ಅಂತ ಬರಿ” ಎಂದಳು. ಹನ್ನೆರಡು ಜನ ಒಪ್ಪಿದ ಮೇಲೆ ಒಬ್ಬರ ಮಾತು ನಿಲ್ಲುವುದಿಲ್ಲ ಅವ್ವ ಎಂದೆ.

“ಗೆಲ್ಲಕ್ಕಲ್ಲ ಕಣ್ ಮಗ ನಾ ಅಂತಿರಾದು. ನಾಳಿಕ್ಕೆ ಯಾರಾರ ಬಂದು, ಒಬ್ರೂ ಬ್ಯಾಡ ಅನ್ನಿಲ್ವಾ ಅಂತ ಕೇಳುದ್ರೆ? ಒಬ್ಳು ಅಂದಿದ್ಲು ಅಂತಾದ್ರೂ ಇರ್ಲಿ.”

ಹೀಗೆ ಅವಳ ವಿರೋಧಕ್ಕೆ ಪುಟದ ಕೊನೆಯಲ್ಲಿ ಬೇರೆಯೇ ಒಂದು ಸಾಲು ಬಂತು. ಆ ಸಾಲಿನ ಪಕ್ಕ ಇನ್ನೊಂದು ಹೆಬ್ಬೆಟ್ಟು. ಹಾಜರಿಗೆ ಒಂದು, ಬೇಡ ಎಂದಿದ್ದಕ್ಕೆ ಒಂದು.

ಗುಂಡ್ಲುಪೇಟೆ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಓದಿದವನು. ಸಂಸದೀಯ ಪದ್ಧತಿಯಲ್ಲಿ ವಿರೋಧ ಪಕ್ಷದ ಪಾತ್ರ, ಅಧಿಕಾರದ ಸಮತೋಲನ, ಸಂವಿಧಾನದ ತಿದ್ದುಪಡಿ, ಎಲ್ಲಕ್ಕೂ ಹತ್ತು ಅಂಕದ ಉತ್ತರ ಬಾಯಿಪಾಠವಾಗಿತ್ತು. ಪರೀಕ್ಷೆ ಬರೆದು ಬಂದ ಸಂಜೆಯೇ ಮರೆತೂ ಆಗಿತ್ತು. ಅಷ್ಟನ್ನೂ ನನಗೆ ಮತ್ತೆ ಕಲಿಸಿದವಳು ಈ ಹೆಬ್ಬೆಟ್ಟಿನ ಹೆಂಗಸು. ನಮ್ಮ ಅಧ್ಯಕ್ಷೆಯ ಯಜಮಾನರು ಸಭೆಯಲ್ಲಿ ಹೆಂಡತಿಯ ಪಕ್ಕವೇ ಕುರ್ಚಿ ಹಾಕಿಸಿಕೊಂಡು ಅಪ್ಪಣೆ ಕೊಡುತ್ತಿದ್ದರು. ಒಂದು ದಿನ ಅವ್ವ ಎದ್ದು ನಿಂತಳು. “ಯಜಮಾನ್ರೇ, ನಾವು ಕೈ ಎತ್ತಿದ್ದು ಆಯಮ್ಮಂಗೆ. ನೀವು ಜಗಲಿ ಮ್ಯಾಲೆ ಕುಂತ್ಕಳಿ, ಕಾಫಿ ಅಲ್ಲಿಗೇ ಬತ್ತದೆ.” ಅವರು ಕೆಂಡವಾದರು. ಆದರೆ ಅಧ್ಯಕ್ಷೆ ತಲೆ ತಗ್ಗಿಸಿಕೊಂಡೇ ಮುಗುಳ್ನಕ್ಕಿದ್ದನ್ನು ನಾನು ಕಂಡೆ. ಯಜಮಾನರು ಜಗಲಿಗೆ ಹೋದರು. ಕಿಟಕಿಯಿಂದ ಅಪ್ಪಣೆ ಕೊಡುವುದನ್ನು ಮಾತ್ರ ಬಿಡಲಿಲ್ಲ.

ಇನ್ನೊಮ್ಮೆ, ಹೆಂಗಸರಿಗೆ ಪಂಚಾಯಿತಿಯಲ್ಲಿ ಜಾಗ ಸಿಕ್ಕಿದ್ದೇ ದೆಹಲಿಯಲ್ಲಿ ಸಂವಿಧಾನ ತಿದ್ದಿದ್ದರಿಂದ ಎಂದು ಅವಳಿಗೆ ಹೇಳಿದೆ. ಅವ್ವ ನಂಬಲಿಲ್ಲ.

“ಅಷ್ಟು ದೊಡ್ ಪುಸ್ತಕನೂ ತಿದ್ತಾರಾ?”

“ತಿದ್ತಾರೆ ಅವ್ವ. ಅದಕ್ಕೂ ಕ್ರಮ ಅದೆ. ಸಭೆ ಸೇರಬೇಕು, ಎಲ್ಲರ ಎದುರಿಗೆ ಓದಬೇಕು, ಕೈ ಎತ್ತಬೇಕು.”

ಅವಳು ತಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯ ಕೈಯನ್ನು ಸವರಿದಳು. “ಅಂಗಾರೆ ನಾನು ಆ ತಿದ್ದಿರಾ ಗೆರೆ ಮ್ಯಾಲೆ ಕುಂತಿವ್ನಿ ಅನ್ನು.” ಆ ಮಾತನ್ನು ಆಮೇಲೆ ಎಷ್ಟು ಜನರಿಗೆ ಹೇಳಿದಳೋ ಲೆಕ್ಕವಿಲ್ಲ.

ಇಂಥವಳಿಗೆ ನಾನು ಮಾಡಿದ್ದನ್ನು ಈಗ ಹೇಳಬೇಕು.

ಅವಳ ಕೇರಿಯವರು ಹೆಣ ಹೂಳುವ ಜಾಗ ಕಾಡಂಚಿನಲ್ಲಿತ್ತು. ಅವಳ ಗಂಡನನ್ನು ಮಣ್ಣು ಮಾಡಿದ್ದೂ ಅಲ್ಲೇ. ಅದರ ಹಿಂದೆ ಯಾರೋ ಹೊರಗಿನವರು ಜಮೀನು ಕೊಂಡು ರೆಸಾರ್ಟ್ ಕಟ್ಟಲು ಹೊರಟರು. ಮಸಣದ ಮೇಲೆ ಹಾದು ಹೋಗುವ ರಸ್ತೆಗೆ ಪಂಚಾಯಿತಿಯ ಒಪ್ಪಿಗೆ ಬೇಕಾಗಿತ್ತು. ಸಭೆಯಲ್ಲಿ ಮತ್ತೆ ಅದೇ ಹನ್ನೆರಡು ಕೈ. ಅವ್ವ ಅವತ್ತು ಉದ್ದಕ್ಕೆ ಮಾತಾಡಿದಳು, ಕೊನೆಗೆ ಅತ್ತಳು. ಅವಳು ಅತ್ತಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಅಷ್ಟರಲ್ಲಿ ಐದೂವರೆಯ ಬಸ್ಸಿನ ಹಾರ್ನ್ ಕೇಳಿಸಿತು. ಅದು ತಪ್ಪಿದರೆ ಆನೆ ದಾಟುವ ಹಾದಿಯಲ್ಲಿ ಅವಳು ನಡೆದೇ ಹೋಗಬೇಕು.

“ನೀನು ಹೊರಡವ್ವ, ಜಾಗ ಬಿಟ್ಟಿರ್ತೀನಿ. ಇಲ್ಲಿ ಒತ್ತು, ನಿನ್ನ ಮಾತು ಆಮೇಲೆ ಬರ್ಕತೀನಿ” ಎಂದೆ.

ಅವಳು ಖಾಲಿ ಸಾಲನ್ನು ನೋಡಿದಳು. ನನ್ನ ಮುಖ ನೋಡಿದಳು. “ನೀನಲ್ವಾ, ಬುಡು” ಎಂದು ಎರಡು ಹೆಬ್ಬೆಟ್ಟನ್ನೂ ಒತ್ತಿ ಓಡಿದಳು. ಅಷ್ಟು ವರ್ಷದಲ್ಲಿ ಅವಳು ಓದಿಸದೆ ಒತ್ತಿದ್ದು ಅದೊಂದು ಸಲ.

ಬರೆಯುವ ಮನಸ್ಸಿತ್ತು, ದೇವರಾಣೆ. ಲೇಖನಿ ಕೈಯಲ್ಲೇ ಇತ್ತು. ಯಜಮಾನರು ಜಗಲಿಯಿಂದ ಒಳಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. “ಏನ್ಲಾ, ಮುಂದಿನ್ ತಿಂಗ್ಳು ನಿನ್ ಗುತ್ತಿಗೆ ಮುಗೀತದೆ ಅಲ್ವಾ? ಸರ್ವಾನುಮತ ಅಂತ ಬರಿ. ಒಂದು ಪದ ಕಣ್ಲಾ.” ಬರೆದೆ. ಅವ್ವನಿಗೆ ಬಿಟ್ಟಿದ್ದ ಸಾಲು ಖಾಲಿಯೇ ಉಳಿಯಿತು, ಪಕ್ಕದಲ್ಲಿ ಹೆಬ್ಬೆಟ್ಟಿನ ಜೊತೆ.

ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿ ಓದಬೇಕು, ಆಗ ಹೇಗೋ ಸರಿ ಮಾಡೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸದಸ್ಯರೆಲ್ಲ ಚುನಾವಣೆಯ ಓಡಾಟದಲ್ಲಿದ್ದರು. ಆಮೇಲಿನ ಎರಡು ಸಭೆಗಳು ಕೋರಂ ಇಲ್ಲದೆ ನಿಂತವು. ಅಷ್ಟರಲ್ಲಿ ಮಸಣಕ್ಕೆ ಜೆಸಿಬಿ ಬಂತು. ಕೇರಿಯವರು ದೂರು ಕೊಟ್ಟರು. ಚಾಮರಾಜನಗರದಲ್ಲಿ ವಿಚಾರಣೆ. ಪುಸ್ತಕ ಹಿಡಿದು ನಾನೂ ಹೋದೆ.

ಅಧಿಕಾರಿ ಪುಟ ತೆರೆದು ಓದಿದರು. “ಸರ್ವಾನುಮತ ಅಂತಿದೆಯಲ್ಲಮ್ಮ. ನಿಮ್ಮದು ಒಂದಲ್ಲ, ಎರಡು ಹೆಬ್ಬೆಟ್ಟಿದೆ.”

ಅವ್ವನಿಗೆ ಮೊದಲು ಅರ್ಥವಾಗಲಿಲ್ಲ. “ಎರಡ್ನೇದು ಬ್ಯಾಡ ಅಂದಿರಾದು ಸೋಮಿ. ಅವುನ್ನೇ ಕೇಳಿ, ಅವುನೇ ಬರ್ದಿರಾದು” ಎಂದು ನನ್ನ ಕಡೆ ಕೈ ತೋರಿಸಿದಳು. ಆ ಮುಖದಲ್ಲಿ ಆಗಲೂ ಅನುಮಾನ ಇರಲಿಲ್ಲ.

ಅಧಿಕಾರಿ ನನ್ನನ್ನು ಕೇಳಿದರು. “ಪುಸ್ತಕದಲ್ಲಿ ಏನಿದೆಯೋ ಅದೇ ಸಾರ್” ಎಂದೆ.

ವಾಪಸು ಬರುವ ಬಸ್ಸು ತುಂಬಿತ್ತು. ನಾನು ಹಿಂದಿನ ಬಾಗಿಲಿಗೆ ಒರಗಿ ಮುಖ ಮರೆಸಿಕೊಂಡು ನಿಂತಿದ್ದೆ. ತೆರಕಣಾಂಬಿಯಲ್ಲಿ ಅವ್ವನ ಪಕ್ಕದವರು ಇಳಿದರು. ಅವಳು ಸೀಟಿನ ಮೇಲೆ ಕೈಯಿಟ್ಟು ಜಾಗ ಹಿಡಿದು ನನ್ನನ್ನು ಕರೆದಳು. ಹೋಗಿ ಕೂತೆ. ಅವಳು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು.

“ದೆಲ್ಲಿಲಿ ಅಷ್ಟು ದೊಡ್ ಪುಸ್ತಕನೇ ತಿದ್ದವರೆ ಅಂದೆ. ನಿನ್ ಪುಸ್ತಕ ತಿದ್ದಕಾಗಲ್ವಾ ಮಗ?”

“ಸಭೆ ಸೇರಿದ್ರೆ ಆಯ್ತದೆ ಅವ್ವ.”

“ಅಂಗಾರೆ ಸಬೆಲಿ ಏಳು. ಎಲ್ರ ಮುಂದೆ ಓದು.”

ಸಭೆ ಸೇರಲಿಲ್ಲ. ಸದಸ್ಯರ ಅವಧಿ ಮುಗಿಯಿತು, ಚುನಾವಣೆ ಮುಂದಕ್ಕೆ ಹೋಯಿತು, ಆಡಳಿತಾಧಿಕಾರಿ ಬಂದರು. ಹದಿಮೂರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗಿಟ್ಟೆವು. ಈಗ ಎಲ್ಲ ತೀರ್ಮಾನಕ್ಕೂ ಒಂದೇ ಸಹಿ. ಅವ್ವ ಮಾತ್ರ ಹಿಂದೆ ತಿಂಗಳ ಸಭೆ ನಡೆಯುತ್ತಿದ್ದ ಗುರುವಾರ ತಪ್ಪದೆ ಬಂದು ಜಗಲಿಯ ಮೇಲೆ, ಯಜಮಾನರನ್ನು ಕೂರಿಸುತ್ತಿದ್ದ ಜಾಗದಲ್ಲಿ ಕೂರುತ್ತಿದ್ದಳು. “ಸಬೆ ಯಾವಾಗಂತ್ಲಾ?” ಇನ್ನೂ ಗೊತ್ತಿಲ್ಲ ಎನ್ನುತ್ತಿದ್ದೆ. “ಆಗ್ಲಿ, ಬತ್ತೀನಿ” ಎಂದು ಎದ್ದು ಹೋಗುತ್ತಿದ್ದಳು. ಪ್ರತಿ ತಿಂಗಳೂ ಆ ಗುರುವಾರ ರಜೆ ಹಾಕಿಬಿಡಲೇ ಎನ್ನಿಸುತ್ತಿತ್ತು ನನಗೆ.

ಹೋದ ಮಾಗಿಯಲ್ಲಿ ಒಂದು ಗುರುವಾರ ಅವಳು ಬರಲಿಲ್ಲ. ಜ್ವರವಂತೆ. ನಾಲ್ಕನೇ ದಿನ ಹೋಗಿಬಿಟ್ಟಳು. ಗಂಡನ ಪಕ್ಕ ಮಲಗಬೇಕು ಎನ್ನುತ್ತಿದ್ದವಳು. ಆದರೆ ಅಲ್ಲಿ ಜಲ್ಲಿ ಹಾಸಿ ಬೇಲಿ ಹಾಕಿಯಾಗಿತ್ತು. ಕೆರೆಯ ಹಿಂದಿನ ಕಲ್ಲುನೆಲದಲ್ಲಿ ಗುಂಡಿ ತೋಡಿದರು. ಹಾರೆ ಕಲ್ಲಿಗೆ ಬಡಿದಾಗಲೆಲ್ಲ ನಾನು ಕುಗ್ಗಿಹೋಗುತ್ತಿದ್ದೆ. ಮಣ್ಣು ಹಾಕಿ ತಿರುಗಿದಾಗ ಅವಳ ಮೊಮ್ಮಗಳು ಹತ್ತಿರ ಬಂದಳು. ಬೈಯುತ್ತಾಳೆ, ಬೈಯಲಿ ಎಂದುಕೊಂಡೆ.

“ಅಜ್ಜಿ ನಿಮ್ಮುನ್ನ ಒಂದ್ ದಿನವೂ ಬೈಲಿಲ್ಲ ಕಣಣ್ಣ. ಮುಂದಿನ್ ಸಬೆಲಿ ಸರಿ ಮಾಡ್ತನೆ ಅಂತಿತ್ತು” ಎಂದಳು.

ಮಾರನೆಯ ದಿನ ಕಚೇರಿಗೆ ಹೋಗಿ ಪುಸ್ತಕ ತೆಗೆದೆ. ಆ ಖಾಲಿ ಸಾಲಿನಲ್ಲಿ ಈಗ ಏನಾದರೂ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬೇರೆ ಹಾಳೆ ತೆಗೆದುಕೊಂಡು ಚಾಮರಾಜನಗರದ ಅಧಿಕಾರಿಗೆ ಬರೆದೆ: ಆ ದಿನ ತೀರ್ಮಾನ ಸರ್ವಾನುಮತವಾಗಿರಲಿಲ್ಲ, ಒಬ್ಬ ಸದಸ್ಯೆ ಬೇಡ ಎಂದಿದ್ದರು, ಎರಡನೇ ಹೆಬ್ಬೆಟ್ಟು ಆ ವಿರೋಧದ್ದು, ಅವರ ಮಾತು ಬರೆಯದೆ ಬಿಟ್ಟವನು, ವಿಚಾರಣೆಯಲ್ಲಿ ಸುಳ್ಳು ಹೇಳಿದವನು ನಾನು. ಕೆಲಸ ಹೋಗಬಹುದು, ಹೋಗಲಿ. ಆ ಹೆದರಿಕೆ ಅವಳು ಬದುಕಿದ್ದಾಗಲೇ ಬಿಡಬೇಕಿತ್ತು.

ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಇನ್ನೊಂದು ಸಲ ಓದಿದೆ. ಮೂಲೆಯಲ್ಲಿ ಕುರ್ಚಿಗಳು ಪೇರಿಸಿದ ಹಾಗೇ ಇದ್ದವು. “ಊಂ, ಈಗ ಕೊಡು” ಎನ್ನಲು ಯಾರೂ ಇರಲಿಲ್ಲ. ಸಹಿ ಹಾಕಿದೆ.