ಹಿಂಬಾಗಿಲ ಚಿಲಕ

ಹೊಸನಗರದ ನಮ್ಮ ಲೋಕಲ್ ಕೇಬಲ್‌ನಲ್ಲಿ ಶನಿವಾರ ರಾತ್ರಿ ದೆವ್ವದ ಸಿನಿಮಾ ತೋರಿಸುತ್ತಿದ್ದವರು ಹಗಲಲ್ಲಿ ಅದೇ ಕೇಬಲ್ಲಿಗೆ ಕಂಬ ಹತ್ತುತ್ತಿದ್ದರು. ರಾತ್ರಿ ತಮ್ಮ ಮನೆಯ ಮಹಡಿಯಲ್ಲಿದ್ದ ಕಂಟ್ರೋಲ್ ರೂಮಿನಲ್ಲಿ ಮುಖಕ್ಕೆ ಅಕ್ಕಿಹಿಟ್ಟು, ಕಣ್ಣ ಸುತ್ತ ಕಾಡಿಗೆ ಬಳಿದುಕೊಂಡು, ಕರಿಕಂಬಳಿ ಹೊದ್ದು ಕ್ಯಾಮೆರಾ ಮುಂದೆ ಕೂರುತ್ತಿದ್ದರು. ಸಿನಿಮಾ ಶುರುವಾಗುವ ಮುಂಚೆ ಗಲ್ಲದ ಕೆಳಗೆ ಟಾರ್ಚ್ ಹಿಡಿದು ಪ್ರತಿ ವಾರವೂ ಒಂದೇ ಮಾತು ಹೇಳುತ್ತಿದ್ದರು: "ಹಿಂಬಾಗ್ಲು ಹಾಕಿದ್ರಾ? ಯಾರು ತಟ್ಟಿದ್ರೂ ತೆಗೀಬೇಡಿ." ಆಮೇಲೆ ಟಾರ್ಚ್ ಆರುತ್ತಿತ್ತು. ನಾವು ಓಡಿಹೋಗಿ ಚಿಲಕ ಹಾಕಿ ಬರುತ್ತಿದ್ದೆವು.

ಒಂದು ಶನಿವಾರ ಅರ್ಧ ಸಿನಿಮಾ ಆಗಿದ್ದಾಗ ನಮ್ಮ ಹಿಂಬಾಗಿಲನ್ನು ಯಾರೋ ತಟ್ಟಿದರು. ಅಕ್ಕ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. "ಗಾಳಿ ಇರ್ಬೇಕು, ಸುಮ್ನಿರಿ" ಎಂದ ಅಪ್ಪನೂ ಏಳಲಿಲ್ಲ. ಮತ್ತೆ ತಟ್ಟಿದ ಸದ್ದು. ಆಮೇಲೆ ಅದೂ ನಿಂತಿತು.

ಸ್ವಲ್ಪ ಹೊತ್ತಿಗೆ ಸಿನಿಮಾ ಕಡಿದು ಅವರ ಬಿಳಿ ಮುಖ ಬಂತು. "ನಮ್ಮಮ್ಮ ಮನೇಲಿಲ್ಲ. ಅವ್ರಿಗೆ ಮರೆವು. ಎಲ್ರೂ ಹಿಂಬಾಗ್ಲು ತೆಗ್ದು ನೋಡಿ."

"ಇವತ್ತು ಹೊಸ ಆಟ ಹೂಡಿದಾರೆ" ಎಂದಳು ಅಕ್ಕ. ನಾವು ಕುಳಿತೇ ಇದ್ದೆವು.

ಊರು ಹಾಗೇ ಕುಳಿತಿರುತ್ತದೆಂದು ಅವರಿಗೂ ಹೊಳೆದಿರಬೇಕು. ಕಂಬಳಿ ಕಿತ್ತು ಅದರಲ್ಲೇ ಮುಖ ಉಜ್ಜಿಕೊಂಡರು. ಹಿಟ್ಟು, ಕಾಡಿಗೆ ಕಲಸಿದ ಆ ಮುಖದೊಳಗಿಂದ ಹಗಲಿನ ಕೇಬಲ್ಲಿನವರು ಕಂಡರು. "ಆಟ ಅಲ್ಲ ಕಣ್ರೀ. ಬಾಗ್ಲು ತೆಗೀರಿ."

ಅಪ್ಪ ಚಿಲಕ ತೆಗೆದರು. ಮೆಟ್ಟಿಲ ಮೇಲೆ ಕೇಬಲ್ಲಿನವರ ಅಮ್ಮ, ಆ ಅಜ್ಜಿ, ಮುದುಡಿ ಕೂತಿದ್ದರು.

ಅಪ್ಪ ಫೋನ್ ಮಾಡಿದ ಮೇಲೆ ಕೇಬಲ್ಲಿನವರು ಓಡಿ ಬಂದಾಗ ಅವರ ಕೆನ್ನೆಯ ಹಿಟ್ಟನ್ನು ಸೆರಗಿನಿಂದ ಒರೆಸುತ್ತ ಅಜ್ಜಿ ಹೇಳಿದರು: "ಎಲ್ರ ಮನೇದೂ ತಟ್ದೆ ಮಗಾ. ಯಾರೂ ತೆಗೀಲಿಲ್ಲ."