ಆರು ದಿನ ಬರೆದ ಎರಡು

ಮೊನ್ನೆ ಕ್ಲಾಸಿನಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಗೆಜ್ಜೆ ಬಿಚ್ಚಿದಾಗ ಅರಿಶಿಣ, ಸುಣ್ಣ ಕಲಸಿದ ವಾಸನೆ ಬಂತು. ಊದಿದ ಕಾಲಿಗೆ ಹಚ್ಚುವ ಪಟ್ಟು ಅದು. ನನಗೆ ಅಕ್ಕ ನೆನಪಾದಳು...

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಮರಾಠಿ ಸೀಮೆಯ ನಿಗಡಿಯಲ್ಲಿ ನಾನು ಕಲಿಯುತ್ತಿದ್ದ ಕಥಕ್ ಕ್ಲಾಸಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ನನಗಿಂತ ಎರಡು ವರ್ಷ ದೊಡ್ಡವಳು, ಹಾಗಾಗಿ ಅಕ್ಕ. ಅವಳಪ್ಪ ಕಲಬುರ್ಗಿ ಕಡೆಯ, ಗಾರೆ ಕೆಲಸದ ಗೌಂಡಿ, ನಮ್ಮಪ್ಪನದು ಬಟ್ಟೆ ಅಂಗಡಿ. ಅವಳು ಮುಂದಿನ ಸಾಲಿನ ನಡುವೆ, ನಾನು ಸರಿಯಾಗಿ ಅವಳ ಬೆನ್ನ ಹಿಂದೆ. ಮೂರು ವರ್ಷ ನಾನು ನೋಡಿದ್ದು ಅವಳ ಜಡೆ. ಅವಳೆಂದರೆ ನನಗೆ ಹೊಟ್ಟೆಯುರಿ, ಸುಳ್ಳು ಯಾಕೆ ಹೇಳಲಿ.

ಮೂರನೆಯ ವರ್ಷ ಒಬ್ಬ ಫಿಜಿಯೋ ಮೇಡಂ ಬಂದು ರಿಜಿಸ್ಟರ್ ಇಟ್ಟು ಹೋಗಿದ್ದರು. ದಿನಾ ಕುಣಿಯುವ ಮೊದಲು ಪ್ರತಿಯೊಬ್ಬಳೂ ತನ್ನ ದಣಿವು ಹತ್ತರಲ್ಲಿ ಎಷ್ಟೆಂದು ಅಂಕಿ ಹಾಕಬೇಕು, ನಿನ್ನೆಯ ನೋವು ಇಳಿದಿದೆಯೇ ಎಂದೂ ಬರೆಯಬೇಕು. ಅದನ್ನು ತಾವೊಬ್ಬರೇ ನೋಡುವುದಾಗಿ ಹೇಳಿದ್ದರು. ನಮ್ಮ ಟೀಚರ್ ಬಿಡಬೇಕಲ್ಲ, ದಿನಾ ಗಟ್ಟಿಯಾಗಿ ಓದುತ್ತಿದ್ದರು. ಐದು ದಾಟಿದವಳನ್ನು ‘ರಾಣಿಸಾಹೇಬ ದಮಲ್ಯಾ ಕಾ?’ ಎಂದು ಮರಾಠಿಯಲ್ಲಿ ಚುಚ್ಚಿ, ದಣಿದ ರಾಣಿಯನ್ನು ಒಂದು ವಾರ ಗೋಡೆ ಪಕ್ಕ ಕೂರಿಸುತ್ತಿದ್ದರು. ಹದಿನೈದು ದಿನದಲ್ಲಿ ಕ್ಲಾಸಿಗೆ ಕ್ಲಾಸೇ ಎರಡು ಎಂದು ಬರೆಯಲು ಕಲಿಯಿತು. ಸೊನ್ನೆ ಹಾಕಿದರೆ ಯಾರೂ ನಂಬುವುದಿಲ್ಲವಲ್ಲ.

ಕ್ಲಾಸಿನ ವಾರ್ಷಿಕ ಕಾರ್ಯಕ್ರಮಕ್ಕೆ ಹತ್ತು ದಿನವಿದ್ದಾಗ ಅಕ್ಕನ ಪಾದ ಊದಿತು. ಪಟ್ಟು ಹಾಕಿ, ಮೇಲೆ ಗೆಜ್ಜೆ ಬಿಗಿದು ಬಂದಿದ್ದಳು. ಕೂತು ಬರೆಯಲಾಗದೆ ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟಳು.

‘ಭಾಳ ನೋಯ್ತದ. ಒಂಬತ್ತು ಅಂತ ಖರೇ ಬರದ್ಬಿಡು.’

‘ಹುಚ್ಚೇನು ಅಕ್ಕಾ ನಿನಗ? ಗ್ವಾಡಿಗೆ ಕೂಡಸ್ತಾರ. ಎರಡೇ ಬರೀತೀನಿ.’

ಅವಳು ನನ್ನ ಗಲ್ಲ ಹಿಂಡಿದಳು. ತನ್ನ ಒಳ್ಳೆಯದಕ್ಕೇ ಹೇಳಿದೆ ಎಂದುಕೊಂಡಳು, ಪಾಪ... ಒಂಬತ್ತು ಬರೆದಿದ್ದರೆ ವಾರ ಕೂತು, ಕಾಲು ಸುಧಾರಿಸಿ, ಕಾರ್ಯಕ್ರಮದ ಹೊತ್ತಿಗೆ ನನ್ನ ಮುಂದೆ ಬಂದು ನಿಂತುಬಿಡುತ್ತಿದ್ದಳು. ಅದು ನನಗೆ ಬೇಡವಾಗಿತ್ತು. ಆರು ದಿನ ಅವಳ ಹೆಸರಿನ ಮುಂದೆ ನಾನೇ ಎರಡು ಬರೆದೆ, ದುಂಡಗೆ.

ಏಳನೆಯ ದಿನ ಗಿರಗಿರ ಚಕ್ಕರ್ ಸುತ್ತುವಾಗ ಬಿದ್ದಳು. ಪಾದದ ಮೂಳೆ ಮುರಿದಿತ್ತು. ಮರುದಿನ ಅವಳಪ್ಪ ಬಂದು ಬಾಗಿಲಲ್ಲೇ ನಿಂತರು. ಟೀಚರ್ ರಿಜಿಸ್ಟರ್ ತೆರೆದು ಅಂಕಿಗಳ ಮೇಲೆ ಬೆರಳಿಟ್ಟು ತೋರಿಸಿದರು. ‘ತಪ್ಪು ನಮ್ಮ ಹುಡುಗೀದೇ ಅದ ರೀ, ಹೇಳಬೇಕಾಗಿತ್ತು’ ಎಂದು ಅವರು ಮರಾಠಿಯಲ್ಲೇ ಹೇಳಿ ಸಿಮೆಂಟು ಮೆತ್ತಿದ ಕೈ ಮುಗಿದರು. ನಾನು ಅಲ್ಲೇ ಇದ್ದೆ. ಗೆಜ್ಜೆ ಬಿಗಿದು ಸಾಲಿಗೆ ಹೋಗಿ ನಿಂತೆ.

ಕಾರ್ಯಕ್ರಮದಲ್ಲಿ ನಡುವೆ ನಿಂತು ಕುಣಿದೆ. ಅಕ್ಕ ಪ್ಲಾಸ್ಟರ್ ಕಾಲಿನಲ್ಲೇ ನೋಡಲು ಬಂದಿದ್ದಳು. ‘ನೀ ಎರಡು ಬರದಿದ್ದಕ್ಕ ಆರು ದಿನಾ ಆದ್ರೂ ಕುಣದೆ ನೋಡವಾ’ ಎಂದು ನನ್ನ ತಲೆ ಸವರಿದಳು.

ಕಾಲು ಸರಿಯಾಗಿ ಕೂಡಲಿಲ್ಲವಂತೆ. ಅವಳಪ್ಪನಿಗೆ ಬಾರಾಮತಿಯಲ್ಲಿ ಕೆಲಸ ಸಿಕ್ಕಿತು, ಅವಳೂ ಹೋದಳು... ಮತ್ತೆ ಸಿಗಲಿಲ್ಲ. ನಾನು ಹುಡುಕಲೂ ಇಲ್ಲ. ಅವಳಂತೆ ಕುಣಿಯುವವಳನ್ನು ಆಮೇಲೆ ನಾನು ಎಲ್ಲೂ ಕಂಡಿಲ್ಲ. ಇದು ಹೊಟ್ಟೆಯುರಿ ಬಿಟ್ಟು ಹೇಳುವ ಮಾತು.

ಈಗ ನಾನೇ ಟೀಚರ್. ದಣಿವಿನ ಅಂಕಿಯನ್ನು ಹುಡುಗಿಯರು ಫೋನಿನಲ್ಲೇ ಒತ್ತಿ ಕಳಿಸುತ್ತಾರೆ. ಮೊನ್ನೆ ಆ ವಾಸನೆ ಬಂದಾಗ ಫೋನ್ ತೆಗೆದು ನೋಡಿದೆ. ಆ ಹುಡುಗಿಯ ಹೆಸರಿನ ಮುಂದೆ ಎರಡು ಎಂದಿತ್ತು. ಪಾದ ಹಳದಿಯಾಗಿ ಊದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೇಳಿದ್ದರೆ ಹೇಳಿಬಿಡುತ್ತಿದ್ದಳು.

ಕಾರ್ಯಕ್ರಮಕ್ಕೆ ಎಂಟೇ ದಿನ ಉಳಿದಿತ್ತು. ಗೆಜ್ಜೆ ಕಟ್ಟಿಕೋ ಎಂದೆ.